ಬೀಗದಕೈ

೨೦೨೩ರ ಏಪ್ರಿಲ್ ೧೫ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿತು. ನಮ್ಮ ಸರಕಾರ ‘ಕಾವೇರಿ’ ಕಾರ್ಯಾಚರಣೆ ನಡೆಸಿ, ಹಡಗು ವಿಮಾನಗಳಲ್ಲಿ ೩,೮೦೦ಕ್ಕೂ ಹೆಚ್ಚು ಭಾರತೀಯರನ್ನು ಪಾರುಮಾಡಿತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿಗಳೂ ಅವರಲ್ಲಿದ್ದರು. ಓದಿ ಹಿಗ್ಗಿದೆ. ಹಿಗ್ಗಿದ್ದು ತಪ್ಪಲ್ಲ, ತನ್ನವರನ್ನೇ ಕಾಯದ ರಾಜ್ಯ ಇನ್ನಾರನ್ನು ಕಾದೀತು?

ಆದರೆ ಆ ಹಿಗ್ಗಿನಲ್ಲಿ, ಅಲ್ಲೇ ಉಳಿದವರನ್ನು ನಾನು ಮರೆತಿದ್ದೆ. ಕೆಲವು ಪಾಶ್ಚಾತ್ಯ ರಾಯಭಾರ ಕಚೇರಿಗಳು ಬಾಗಿಲು ಹಾಕಿ ಹೊರಟಾಗ, ವೀಸಾಕ್ಕೆಂದು ಸುಡಾನಿಗರು ಕೊಟ್ಟಿದ್ದ ಪಾಸ್‌ಪೋರ್ಟುಗಳು ಒಳಗೇ ಉಳಿದುಹೋದವು. ಓಡಿ ಬದುಕಿಕೊಳ್ಳೋಣವೆಂದರೆ ಅವರ ಕೈಯಲ್ಲಿ ಪತ್ರವಿಲ್ಲ.

ಎಲ್ಲರನ್ನೂ ಕರೆದೊಯ್ಯುವುದು ಯಾವ ದೂತನಿಗೂ ಸಾಧ್ಯವಿಲ್ಲ, ನಿಜ. ತನ್ನವರನ್ನು ಮೊದಲು ಪಾರುಮಾಡುವುದೂ ಧರ್ಮವೇ. ಆದರೆ ಉರಿಯುವ ಮನೆಯಿಂದ ಹೊರಬೀಳುವ ಅತಿಥಿ, ಮನೆಯವರ ಬೀಗದಕೈಯನ್ನಾದರೂ ಅವರ ಕೈಗಿತ್ತು ಹೋಗಬೇಡವೆ?