ಒರಟು ದನಿಗೂ ಒಂದು ಕಿವಿ

ಮನೆಯ ರೇಡಿಯೊ ಗೊರಗೊರ ಅಂದರೆ ನಮಗೆ ತಡೆಯುವುದಿಲ್ಲ. ತಲೆಗೊಂದು ತಟ್ಟುತ್ತೇವೆ, ವೈರು ಅಲುಗಾಡಿಸುತ್ತೇವೆ, ಆಗಲೂ ಸರಿಹೋಗದಿದ್ದರೆ ರಿಪೇರಿಯವರಿಗೆ ಹೇಳಿಕಳಿಸುತ್ತೇವೆ. ವಾರ್ತೆ ಕೇಳುವವರಿಗೆ ಮಾತು ಸ್ಪಷ್ಟವಾಗಿರಲೇಬೇಕಲ್ಲ! ಆದರೆ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೊ ಒಂದರಲ್ಲಿ ಇಂಥ ಸದ್ದಿಗೆ ಬೇರೆಯೇ ಯೋಗ ಕೂಡಿಬಂತು.

ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತು. ಮೆತ್ತನೆಯ ಹಾಡಿನ ನಡುವೆ ಆ ತುಣುಕು ಮಾತ್ರ ಒಡೆದು, ಮೊರೆಯುತ್ತ ಬಂತು. ಅಳಿಸಿ ಮತ್ತೆ ನುಡಿಸಬಹುದಿತ್ತು; ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹೊರಬಂದ ಹಾಡನ್ನು ಜನ ಮೆಚ್ಚಿದರು. ನಮ್ಮ ತಂಬೂರಿಯ ಕುದುರೆಯ ಮೇಲೆ, ತಂತಿಯಡಿಗೆ ಹತ್ತಿನೂಲು ಸೇರಿಸಿ ಝೇಂಕಾರ ಹುಟ್ಟಿಸುವುದನ್ನು ಬಲ್ಲವರಿಗೆ ಇದು ತೀರ ಅಪರಿಚಿತ ರುಚಿಯಲ್ಲ.

ಇದನ್ನೆಲ್ಲ ಅದೃಷ್ಟದ ಲೆಕ್ಕಕ್ಕೆ ಬರೆದುಬಿಡಲು ನನಗೆ ಮನಸ್ಸು ಬಾರದು. ಅದೇ ದನಿ ಬೇಕೆಂದು ಬೇರೆ ಕಲಾವಿದರು ಕೇಳಿಕೊಂಡು ಬರುವ ಹೊತ್ತಿಗೆ ಆ ಚಾನೆಲ್ ಪೂರ್ತಿ ಸತ್ತುಹೋಗಿತ್ತು. ಎಂಜಿನಿಯರ್ ಗ್ಲೆನ್ ಸ್ನಾಡಿ ಕೈಚೆಲ್ಲಲಿಲ್ಲ. ರೆವಿಸ್ ಹಾಬ್ಸ್ ಅವರನ್ನು ಜೊತೆಮಾಡಿಕೊಂಡು, ಟ್ರಾನ್ಸಿಸ್ಟರುಗಳಿಂದ ಅದೇ ಸದ್ದನ್ನು ಬೇಕೆಂದೇ ಹೊರಡಿಸುವ ಸರ್ಕ್ಯೂಟ್ ಕಟ್ಟಿದರು. ತಾಳಲಾರದಷ್ಟು ಬಲವಾದ ಸಂಕೇತ ಒಳಗೆ ಹೋದಾಗ ಟ್ರಾನ್ಸಿಸ್ಟರು ಅಲೆಯ ಶಿಖರವನ್ನು ಕತ್ತರಿಸುತ್ತದೆ. ದುಂಡನೆಯ ಅಲೆ ಚಪ್ಪಟೆಯಾಗಿ, ಮೂಲ ಸ್ವರದ ಜೊತೆ ಹೊಸ ಅನುಸ್ವರಗಳು ಏಳುತ್ತವೆ. ಗಿಬ್ಸನ್ ಕಂಪನಿ 1962ರಲ್ಲಿ ಆ ಸರ್ಕ್ಯೂಟಿನ ಪೆಟ್ಟಿಗೆಯನ್ನು ‘ಮೇಸ್ಟ್ರೊ ಫಜ್‌ಟೋನ್’ ಎಂದು ಮಾರುಕಟ್ಟೆಗೆ ತಂದಿತು. ಗಿಟಾರಿನಲ್ಲೇ ತುತ್ತೂರಿ, ಚೆಲ್ಲೊಗಳ ನಾದ ಬರುತ್ತದೆಂದು ಹೊಗಳಿ ಮಾರಿದರೂ ಕೊಳ್ಳುವವರು ಹೆಚ್ಚಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದರು. ಅವರ ಮನಸ್ಸಿನಲ್ಲೂ ಅದು ಮುಂದೆ ತುತ್ತೂರಿಗಳು ಬರಬೇಕಾದ ಜಾಗವಷ್ಟೇ. ಆ ದನಿಯೇ ಉಳಿಯಿತು, ಲೋಕ ಕುಣಿಯಿತು. ಇನ್ನೊಂದರ ಅನುಕರಣೆ ಎಂದಾಗ ಬೇಡವಾಗಿದ್ದದ್ದು ತನ್ನದೇ ಸ್ವರದಲ್ಲಿ ಎಲ್ಲರಿಗೂ ಬೇಕಾಯಿತು.

ನಮ್ಮ ಮನೆಗಳಲ್ಲೂ ಯಾರದೋ ದನಿ ಗಡುಸು, ಯಾರದೋ ಕೈಬರಹ ಸೊಟ್ಟ. ಮಗು ಏರುದನಿಯಲ್ಲಿ ದೇವರನಾಮ ಹೇಳತೊಡಗಿದರೆ, ಪಕ್ಕದ ಮನೆಯ ಮಗುವಿನ ಹಾಗೆ ಹೇಳು ಎನ್ನುವ ಮೊದಲು ಪಲ್ಲವಿ, ಅನುಪಲ್ಲವಿ ಮುಗಿಯುವ ತನಕವಾದರೂ ಕೂತು ಕೇಳೋಣ. ತಿದ್ದುವುದು ಇದ್ದೇ ಇದೆ. ಸ್ನಾಡಿ ಕಟ್ಟಿದ ಆ ಪೆಟ್ಟಿಗೆಗೂ ಕಾಲಲ್ಲಿ ಒತ್ತುವ ಒಂದು ಗುಂಡಿಯಿತ್ತು: ಒಮ್ಮೆ ಒತ್ತಿದರೆ ಮೊರೆತ, ಮತ್ತೊಮ್ಮೆ ಒತ್ತಿದರೆ ತಿಳಿಯಾದ ತಂತಿ. ಯಾವ ಹಾಡಿಗೆ ಯಾವುದು ಎಂಬುದನ್ನು ನುಡಿಸುವವರಿಗೇ ಬಿಟ್ಟಿದ್ದರು.