ಗುಣ ಯಾರದ್ದು?

ವಸ್ತುವಿನ ಗುಣ ಅದರ ಒಳಗೇ ಇರುತ್ತದೆಯೇ, ಇಲ್ಲ ಅದು ನಿಂತ ನೆಲೆಯೂ ಅಕ್ಕಪಕ್ಕವೂ ಸೇರಿ ಕೊಡುವುದೇ? ಈ ಪ್ರಶ್ನೆಯನ್ನು ಬೆಂಗಳೂರಿನ ಎರಡು ವಿದ್ಯಾಸಂಸ್ಥೆಗಳ ನಡುವೆ ಇಟ್ಟು ನೋಡಬಹುದು. ಕುಮಾರಸ್ವಾಮಿ ಲೇಔಟಿನ ಗುಡ್ಡದಲ್ಲಿ 1979ರಲ್ಲಿ ಶುರುವಾದ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಂದ ತುಸು ದೂರದ ಕತ್ರಿಗುಪ್ಪೆಯಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ವಿದ್ಯಾಪೀಠದಲ್ಲಿ ಪಾಠ ಹೇಳುವ ಮಧ್ವಸಿದ್ಧಾಂತದಂತೆ ಪ್ರತಿ ಜೀವಕ್ಕೂ ಅದರದೇ ಸ್ವರೂಪಯೋಗ್ಯತೆ, ಅಂದರೆ ಬದಲಾಗದ ಸಹಜ ಅರ್ಹತೆ, ಉಂಟು. ಬೌದ್ಧ ದಾರ್ಶನಿಕ ನಾಗಾರ್ಜುನನದು ಇದಕ್ಕೆ ತೀರ ಎದುರು ಮಾತು: ಯಾವುದಕ್ಕೂ ಸ್ವಂತದ ಸ್ವಭಾವವಿಲ್ಲ, ಎಲ್ಲವೂ ಇನ್ನೊಂದನ್ನು ಆಶ್ರಯಿಸಿ ಉಂಟಾದದ್ದು. ಈ ಹಳೆಯ ವಾದಕ್ಕೆ ಕಾಲೇಜಿನ ರಸಾಯನಶಾಸ್ತ್ರದ ಕಡೆಯಿಂದಲೂ ಒಂದು ಸಾಕ್ಷಿ ಕರೆಯಬಹುದು: ಸಿಲಿಕಾನ್ ವೇಫರ್ ಮೇಲೆ ಬೆಳೆಸುವ ಪಾಲಿಮರ್ ಬ್ರಷ್, ಅಂದರೆ ಒಂದು ತುದಿ ಮೇಲ್ಮೈಗೆ ಅಂಟಿ ದಟ್ಟವಾಗಿ ನಿಂತ ಸರಪಳಿ ಅಣುಗಳ ಪದರ.

ಸಿಲಿಕಾನಿನ ಮೈಮೇಲೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ತಾನಾಗಿಯೇ ಕೂತಿರುತ್ತದೆ. ಅದನ್ನು ಶುಚಿ ಮಾಡಿ ಸಿಲೇನ್ ಅಣುಗಳ ಒಂದೇ ಪದರವನ್ನು ಹಿಡಿಸುತ್ತಾರೆ. ಆ ಅಣುಗಳ ಹೊರತುದಿಯಿಂದ ಮಾನೊಮರ್‌ಗಳು ಒಂದಕ್ಕೊಂದು ಕೂಡುತ್ತ ಸರಪಳಿ ಬೆಳೆಯುತ್ತದೆ. ಬೇರೆಡೆ ತಯಾರಾದ ಸರಪಳಿಗಳನ್ನು ತಂದು ಅಂಟಿಸಿದರೆ ಹೀಗೆ ಬೆಳೆಸಿದಷ್ಟು ದಟ್ಟಣೆ ಬಾರದು. ಮೊದಲು ಕೂತವು ಆಮೇಲೆ ಬಂದವಕ್ಕೆ ಜಾಗ ಬಿಡುವುದಿಲ್ಲ. ವಿರಳವಾಗಿದ್ದಾಗ ಪ್ರತಿ ಸರಪಳಿಯೂ ಮುದುಡಿ ಅಣಬೆಯ ಹಾಗೆ ಕೂರುತ್ತದೆ. ದಟ್ಟವಾದಾಗ ಒಂದನ್ನೊಂದು ಒತ್ತರಿಸಿ ಎಲ್ಲವೂ ಮೇಲಕ್ಕೆ ಚಾಚುತ್ತವೆ. ಬದಲಾಗುವುದು ಆಕಾರವಷ್ಟೇ ಅಲ್ಲ. ಒಳ್ಳೆಯ ದ್ರಾವಕದಲ್ಲಿ ಒಂಟಿ ಸರಪಳಿಯ ಉದ್ದ ಇಮ್ಮಡಿಯಾದರೆ ಅದರ ಉಂಡೆ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಬ್ರಷ್‌ನಲ್ಲಾದರೆ ಎತ್ತರವೂ ಪೂರ್ತಿ ಇಮ್ಮಡಿ. ಭೌತವಿಜ್ಞಾನಿಗಳಾದ ಅಲೆಕ್ಸಾಂಡರ್ 1977ರಲ್ಲಿ, ದ ಜೆನ್ 1980ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಅಣು ಅದೇ, ಬಂಧಗಳೂ ಅವೇ. ನಡೆಯುವ ನಿಯಮ ಬೇರೆ. ನನಗೆ ಇದು ಬಹಳ ದೊಡ್ಡ ಸಂಗತಿ.

ಚಾಚುವ ಶಕ್ತಿ ಸರಪಳಿಯದ್ದೇ ಅಲ್ಲವೇ ಎಂದು ಯೋಗ್ಯತಾವಾದಿ ಕೇಳಿಯಾರು. ನ್ಯಾಯವಾದ ಪ್ರಶ್ನೆ. ನೀರಿಗೆ ಒಗ್ಗದ ಪಾಲಿಸ್ಟೈರೀನ್ ಬ್ರಷ್ ನೀರಿನಲ್ಲಿ ಕುಸಿದೇ ಇರುತ್ತದೆ, ನೆರೆಯ ಸರಪಳಿಗಳಿಂದ ಆ ಒಗ್ಗದಿಕೆ ಅಳಿಯದು. ಆದರೆ ಒಗ್ಗದಿರುವುದೂ ನೀರಿನೊಡನೆಯ ಸಂಬಂಧವೇ ಎಂದು ನಾಗಾರ್ಜುನನ ಕಡೆಯವರು ಮರುನುಡಿದಾರು. ನನ್ನ ತೀರ್ಮಾನ ಇಷ್ಟು: ಯೋಗ್ಯತೆ ಎಂಬುದಿದ್ದರೆ ಅದು ಸಾಧ್ಯತೆಗಳ ಹರವು ಮಾತ್ರ, ಅದರಲ್ಲಿ ಯಾವುದು ಕಣ್ಣಿಗೆ ಬೀಳುತ್ತದೆ ಎಂಬುದು ನೆಲೆಗೂ ನೆರೆಗೂ ಸೇರಿದ್ದು. ಜಡವಾದ ಅಣುವಿನಿಂದ ಚೇತನವನ್ನು ಅಳೆಯಬಾರದೆಂಬ ಆಕ್ಷೇಪವನ್ನೂ ಒಪ್ಪುತ್ತೇನೆ. ಅಣು ಜೀವದ ಬಗ್ಗೆ ಏನನ್ನೂ ಸಿದ್ಧಮಾಡದು. ಆದರೆ ಇಚ್ಛೆಯೇ ಇಲ್ಲದ ಜಡದಲ್ಲೂ ಹೊರನಡೆ ನೋಡಿ ಒಳಗುಣ ಹೇಳಲಾಗದಿದ್ದರೆ, ಮನುಷ್ಯರ ವಿಷಯದಲ್ಲಿ ಅದು ಸುಲಭವೆಂದು ಹೇಗೆ ನಂಬುವುದು? ಮುದುಡಿದವರನ್ನು ಕಂಡು ಅವರ ಯೋಗ್ಯತೆ ಇಷ್ಟೇ ಎನ್ನುವವರು, ಅವರು ನಿಂತ ಜಾಗವನ್ನು ಲೆಕ್ಕಕ್ಕೆ ಹಿಡಿದಿದ್ದೇವೆಂದು ಮೊದಲು ತೋರಿಸಲಿ.