ಉರಿಯದ ಲೈಟು

ಭಾನುವಾರದ ಎರಡನೇ ಆರಾಧನೆಯ ಸಂದೇಶ, ಬರಹ ರೂಪದಲ್ಲಿ
ವಾಕ್ಯಭಾಗ: ಕೀರ್ತನೆ 32:1-5, 1 ತಿಮೊಥೆಯನಿಗೆ 4:1-2

ಕೂತ್ಕೊಳ್ಳಿ. ಹಿಂದೆ ನಿಂತಿರುವ ಬ್ರದರ್ಸ್, ಮುಂದೆ ಕುರ್ಚಿ ಖಾಲಿ ಇದೆ, ಬನ್ನಿ.

ಮೊದಲೇ ಹೇಳಿಬಿಡ್ತೀನಿ. ಇವತ್ತಿನ ಸಂದೇಶದಲ್ಲಿ ಬ್ರೇಕ್ ಪ್ಯಾಡ್ ಬರುತ್ತೆ, ಕ್ಯಾಲಿಪರ್ ಬರುತ್ತೆ, ಎಬಿಎಸ್ ಬರುತ್ತೆ. ಕಾರಿಲ್ಲದವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಸ್ಕೂಟರಿಗೂ ಬ್ರೇಕ್ ಇದೆ. ಮತ್ತೆ ಇದು ನನ್ನ ಸಾಕ್ಷಿ ಕೂಡ. ಆದರೆ ಜಯದ ಸಾಕ್ಷಿ ಅಲ್ಲ. ಹೇಳೋಕೆ ನನ್ನ ಹೆಂಡತಿಯ ಅನುಮತಿ ತಗೊಂಡೇ ಬಂದಿದ್ದೀನಿ.

ನಮ್ಮ ಕಾರು 2011ರ ಮಾಡೆಲ್, ಸೆಕೆಂಡ್ ಹ್ಯಾಂಡ್. ತಗೊಂಡಾಗ ನನಗೆ ಒಂದು ಹೆಮ್ಮೆ ಇತ್ತು. ಹಿಂದೆ ಡಿಕ್ಕಿ ಮೇಲೆ ಎಬಿಎಸ್ ಅಂತ ಅಕ್ಷರ ಅಂಟಿಸಿತ್ತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕೆ ಮುಂಚೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ದುಬಾರಿ ವೇರಿಯಂಟ್‌ಗೆ ಮಾತ್ರ ಕೊಡ್ತಿದ್ರು. ಹಾಗಾಗಿ ಪಾರ್ಕಿಂಗ್‌ನಲ್ಲಿ ನಿಲ್ಲಿಸುವಾಗ ಆ ಅಕ್ಷರ ಎಲ್ಲರಿಗೂ ಕಾಣೋ ಹಾಗೆ ನಿಲ್ಲಿಸ್ತಿದ್ದೆ. ನಗಬೇಡಿ, ನಿಮ್ಮ ಫೋನಿನ ಹಿಂದಿನ ಲೋಗೋ ನೀವೂ ಹಾಗೇ ಹಿಡ್ಕೊಳ್ತೀರ.

ಕಳೆದ ವರ್ಷ ಮಳೆಗಾಲ ಶುರುವಾಗುವಾಗ ಒಂದು ಸದ್ದು ಬಂತು. ಕೀ... ಅಂತ ಸಣ್ಣಗೆ. ಬ್ರೇಕ್ ಒತ್ತದೇ ಇದ್ದಾಗಲೂ ಬರ್ತಿತ್ತು, ಒತ್ತಿದರೆ ಕೆಲವು ಸಲ ನಿಲ್ಲುತ್ತಿತ್ತು. ಹೆಂಡತಿ ಕೇಳಿದಳು, "ರೀ, ಏನದು ಸದ್ದು?" ನಾನು, "ಏನಿಲ್ಲ, ಮಳೆ ನೀರು" ಅಂದೆ.

ನೋಡಿ, ಮಳೆಯ ಮಾತು ಪೂರ್ತಿ ಸುಳ್ಳಲ್ಲ. ರಾತ್ರಿ ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಹಿಡಿಯುತ್ತೆ. ಬೆಳಿಗ್ಗೆ ಹೊರಟಾಗ ಸದ್ದು ಬರುತ್ತೆ. ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಅದನ್ನ ಉಜ್ಜಿ ತೆಗೆಯುತ್ತೆ, ಸದ್ದು ಹೋಗುತ್ತೆ. ಅದಕ್ಕೆ ಯಾರೂ ಗ್ಯಾರೇಜಿಗೆ ಓಡಬೇಕಾಗಿಲ್ಲ. ಇಲ್ಲಿ ಒಂದು ನಿಮಿಷ ನಿಲ್ತೀನಿ, ಯಾಕಂದ್ರೆ ಈ ಸಭೆಯಲ್ಲಿ ಕೆಲವರು ಬೆಳಗಿನ ತುಕ್ಕಿನ ಸದ್ದಿಗೇ ದಿನಾ ಸಾಯ್ತಾ ಇದ್ದೀರ. ಮೂರು ವರ್ಷದ ಹಿಂದೆ ಅರಿಕೆ ಮಾಡಿ, ಬಿಟ್ಟು, ಸರಿಮಾಡಿಕೊಂಡ ಪಾಪಕ್ಕೆ ಈಗಲೂ ರಾತ್ರಿ ಎದ್ದು ಅಳ್ತೀರ. ರೋಮಾಪುರದವರಿಗೆ 8:1 ಮನೆಗೆ ಹೋಗಿ ಓದಿ. ಪವಿತ್ರಾತ್ಮನು ಮನಗಾಣಿಸುವಾಗ ಹೆಸರು ಹಿಡಿದು ಹೇಳ್ತಾನೆ: ಇದು, ಇಂಥ ವಿಷಯ, ಇಂಥವರ ಹತ್ತಿರ ಹೋಗಿ ಸರಿಮಾಡು ಅಂತ. ಸುಮ್ಮನೆ "ನೀನು ಕೆಟ್ಟವಳು, ನೀನು ಕೆಟ್ಟವಳು" ಅಂತ ಹಗಲೂ ರಾತ್ರಿ ಕಿರುಚುವುದು ಆತನ ಕೆಲಸ ಅಲ್ಲ. ಆಮೆನ್?

ಆದರೆ ನನ್ನ ಕಾರಿನ ಸದ್ದು ತುಕ್ಕಿನದ್ದಲ್ಲ. ಸಂಜೆಯೂ ಇತ್ತು, ಬಿಸಿಲಲ್ಲೂ ಇತ್ತು. ತುಂಬಾ ಬ್ರೇಕ್ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇಟ್ಟಿರ್ತಾರೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಆ ನಾಲಿಗೆ ಹೋಗಿ ಡಿಸ್ಕಿಗೆ ತಾಗುತ್ತೆ, ಕೀರಲು ಶಬ್ದ ಬರುತ್ತೆ. ಅಂದ್ರೆ ಅದು ಕೆಟ್ಟುಹೋದ ಸದ್ದಲ್ಲ, ಕೆಡುವ ಮುಂಚೆ ಹೇಳಲಿ ಅಂತ ಕಂಪನಿಯವನೇ ಕೂರಿಸಿದ ಸದ್ದು. ಇನ್ನೂ ಸಮಯ ಇದೆ ಅನ್ನೋ ಸದ್ದು.

ಆ ಸದ್ದಿಗೆ ನಾನು ಏನು ಮಾಡಿದೆ ಗೊತ್ತಾ? ಸ್ಟೀರಿಯೊ ವಾಲ್ಯೂಮ್ ಜಾಸ್ತಿ ಮಾಡಿದೆ. ಅದೂ ಆರಾಧನೆಯ ಹಾಡು! ಮೂರು ವಾರ ನಮ್ಮ ಕಾರಿನಲ್ಲಿ ಭಯಂಕರ ಆರಾಧನೆ.

ಒಂದು ದಿನ ಅಪಾರ್ಟ್‌ಮೆಂಟಿನಲ್ಲಿ ಮೊಬೈಲ್ ಟಾರ್ಚ್ ಹಾಕಿ ಚಕ್ರದ ಸಂದಿಯಿಂದ ನೋಡಿದೆ. ಪ್ಯಾಡ್ ದಪ್ಪಗೇ ಇತ್ತು. ಸಮಾಧಾನ ಆಯ್ತು. ಒಬ್ಬ ಸ್ನೇಹಿತ, "ಸ್ವಲ್ಪ ಸ್ಪ್ರೇ ಎಣ್ಣೆ ಹೊಡಿ ಬ್ರದರ್, ಸದ್ದು ನಿಲ್ಲುತ್ತೆ" ಅಂದ. ದಯವಿಟ್ಟು ಯಾರೂ ಮಾಡಬೇಡಿ. ಬ್ರೇಕ್ ಕೆಲಸ ಮಾಡೋದೇ ಉಜ್ಜಾಟದಿಂದ. ಡಿಸ್ಕಿಗೆ ಎಣ್ಣೆ ಬಿದ್ದರೆ ಸದ್ದೇನೋ ನಿಲ್ಲಬಹುದು, ಗಾಡಿ ನಿಲ್ಲಲ್ಲ. ಪ್ಯಾಡಿಗೆ ಎಣ್ಣೆ ಹೀರಿಕೊಂಡರೆ ಅದನ್ನ ಎಸೆಯಬೇಕು ಅಷ್ಟೆ. ಯೆರೆಮೀಯನ ಕಾಲದ ಪ್ರವಾದಿಗಳು ಮಾಡಿದ್ದು ಇದೇ ಸ್ಪ್ರೇ ಕೆಲಸ. ಗಾಯ ಆಳವಾಗಿದೆ, ಮೇಲಿಂದ ಸವರಿ ಎಲ್ಲಾ ಚೆನ್ನಾಗಿದೆ ಅಂದ್ರು. ಆರನೇ ಅಧ್ಯಾಯ, 14ನೇ ವಚನ. ನಿಮಗೂ ಅಂಥ ಫ್ರೆಂಡ್ಸ್ ಇರ್ತಾರೆ. ತುಂಬಾ ಪ್ರೀತಿಯಿಂದಲೇ ಸ್ಪ್ರೇ ಹಿಡ್ಕೊಂಡು ಬರ್ತಾರೆ.

ನಾಲ್ಕನೇ ವಾರ ಆ ಕೀರಲು ಸದ್ದು ತಾನಾಗಿ ನಿಂತಿತು. ನಾನು ಸ್ತೋತ್ರ ಹೇಳಿದೆ. ನಿಜವಾಗ್ಲೂ, ಬಾನೆಟ್ ಮೇಲೆ ಕೈಯಿಟ್ಟು ಹೇಳಿದೆ. ಮೂರು ದಿನ ಆದ ಮೇಲೆ ಬ್ರೇಕ್ ಒತ್ತಿದರೆ ಗರಗರ ಅಂತ ಕಬ್ಬಿಣ ಕಬ್ಬಿಣಕ್ಕೆ ತಿಕ್ಕುವ ಸದ್ದು.

ಈಗ ನಿಜವಾದ ಕಾರಣ ಹೇಳ್ತೀನಿ. ಆ ಕಾರನ್ನ ಗ್ಯಾರೇಜಿಗೆ ಯಾಕೆ ಒಯ್ಯಲಿಲ್ಲ? ದುಡ್ಡಿರಲಿಲ್ಲ. ದುಡ್ಡು ಯಾಕಿರಲಿಲ್ಲ? ನನ್ನ ಕ್ರೆಡಿಟ್ ಕಾರ್ಡಿನಲ್ಲಿ 86,000 ರೂಪಾಯಿ ಬಾಕಿ ಇತ್ತು, ಮನೆಯಲ್ಲಿ ಗೊತ್ತಿರಲಿಲ್ಲ. ಕುಡಿತ ಇಲ್ಲ, ಜೂಜಿಲ್ಲ. ಒಂದು ಫೋನು, ಒಂದು ಕೀಬೋರ್ಡು, ತಂಗಿ ಮದುವೆಯಲ್ಲಿ ದೊಡ್ಡಸ್ತಿಕೆಗೆ ಮಾಡಿದ ಖರ್ಚು. ತಿಂಗಳಾ ತಿಂಗಳಾ ಮಿನಿಮಮ್ ಡ್ಯೂ ಕಟ್ತಿದ್ದೆ. ಅಷ್ಟು ಕಟ್ಟಿದರೆ ಬ್ಯಾಂಕಿನವರು ಫೋನ್ ಮಾಡಲ್ಲ, ಲೇಟ್ ಫೀ ಬೀಳಲ್ಲ. ಉಳಿದ ಬಾಕಿಗೆ ಬಡ್ಡಿ ಮಾತ್ರ ಓಡ್ತಾ ಇರುತ್ತೆ. ಬ್ಯಾಂಕಿನ ಮೆಸೇಜುಗಳನ್ನ ಮ್ಯೂಟ್ ಮಾಡಿಟ್ಟಿದ್ದೆ. ಹೆಂಡತಿ "ಏನದು ಸದ್ದು?" ಅಂದಾಗ ನನಗೆ ಆ ಮೆಸೇಜುಗಳೇ ನೆನಪಾಗ್ತಿತ್ತು. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದೂ ಹೊರಗೆ ಬರುತ್ತಲ್ಲ!

ಒಂದು ಶನಿವಾರ ಸಂಜೆ ತುಮಕೂರು ರೋಡಿನಲ್ಲಿ ನೆಲಮಂಗಲದ ಕಡೆಯಿಂದ ವಾಪಸ್ ಬರ್ತಾ ಇದ್ವಿ. ಮಳೆ. ಹಿಂದಿನ ಸೀಟಿನಲ್ಲಿ ಮಗಳು, ನಾಲ್ಕು ವರ್ಷ. ಮುಂದಿದ್ದ ಲಾರಿ ಬ್ರೇಕ್ ಹಾಕಿತು. ನಾನೂ ಒತ್ತಿದೆ. ಮುಂದಿನ ಚಕ್ರ ಲಾಕ್ ಆಗಿಹೋಯ್ತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸ್ತೀನಿ, ಕಾರು ತಿರುಗ್ತಾ ಇಲ್ಲ. ಸೀದಾ ಜಾರ್ತಾ ಇದೆ, ಲಾರಿ ಕಡೆಗೆ. "ಯೇಸಪ್ಪಾ" ಅಂತ ಕೂಗಿದ್ದು ನಾನಲ್ಲ, ನನ್ನ ಹೆಂಡತಿ. ಒಂದು ಮೊಳ ಬಿಟ್ಟು ನಿಂತಿತು. ಮಗಳು ಅಳಲಿಲ್ಲ. ಅವಳಿಗೆ ಏನಾಯ್ತು ಅಂತಾನೇ ಗೊತ್ತಾಗಲಿಲ್ಲ. ಮನೆ ಬರೋ ತನಕ ನಮ್ಮಿಬ್ಬರಲ್ಲಿ ಯಾರೂ ಒಂದು ಮಾತಾಡಲಿಲ್ಲ.

ಸೋಮವಾರ ಆಫೀಸಿಗೆ ರಜೆ ಹಾಕಿ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಅವರು ಕಾರನ್ನ ಸುತ್ತ ನೋಡಿ, ಎಬಿಎಸ್ ಯೂನಿಟ್ಟೇ ಬದಲಾಯಿಸಬೇಕು, 38,000 ಆಗುತ್ತೆ ಅಂದ್ರು. ಅಲ್ಲಿಂದ ನಮ್ಮ ಏರಿಯಾದ ಸಣ್ಣ ಗ್ಯಾರೇಜಿಗೆ ಬಂದೆ. ಅಲ್ಲಿನ ಮೆಕ್ಯಾನಿಕ್ ಅಣ್ಣನಿಗೆ ವಯಸ್ಸಾಗಿದೆ, ನಾನು ಪಾಸ್ಟರ್ ಅಂತ ಎಷ್ಟು ಸಲ ಹೇಳಿದ್ರೂ ಫಾದರ್ ಅಂತಾನೇ ಕರೀತಾರೆ.

ಅವರು ಚಕ್ರ ಬಿಚ್ಚಲೇ ಇಲ್ಲ ಮೊದಲು. ಕೇಳಿದ್ದು ಒಂದೇ ಪ್ರಶ್ನೆ. "ಫಾದರ್, ಜಾರುವಾಗ ಪೆಡಲ್ ಕಾಲಿಗೆ ದಡದಡ ಅಂತಾ?" ಇಲ್ಲ ಅಂದೆ. "ಹಂಗಾದ್ರೆ ಎಬಿಎಸ್ ಎದ್ದೇ ಇಲ್ಲ" ಅಂದ್ರು.

ಎಬಿಎಸ್ ಏನು ಮಾಡುತ್ತೆ ಅಂದ್ರೆ, ಸಾಮಾನ್ಯವಾಗಿ ಒಂದೊಂದು ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಇರುತ್ತೆ, ಅದು ಚಕ್ರದ ವೇಗವನ್ನ ಕಂಪ್ಯೂಟರಿಗೆ ಹೇಳ್ತಾ ಇರುತ್ತೆ. ಒಂದು ಚಕ್ರ ತಟ್ಟನೆ ನಿಲ್ಲೋಕೆ ಹೋದರೆ ಆ ಚಕ್ರದ ಬ್ರೇಕ್ ಪ್ರೆಶರನ್ನ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತೆ. ಚಕ್ರ ಉರುಳ್ತಾ ಇದ್ರೆ ಮಾತ್ರ ಸ್ಟಿಯರಿಂಗ್ ಕೇಳುತ್ತೆ. ಆ ಬಿಟ್ಟು ಹಿಡಿಯುವುದೇ ಕಾಲಿಗೆ ದಡದಡ ಅಂತ ಬರುವುದು. ಗೊತ್ತಿಲ್ಲದವರು ಹೆದರಿ ಕಾಲು ತೆಗೀತಾರೆ. ತೆಗೀಬೇಡಿ. ಗಟ್ಟಿಯಾಗಿ ಒತ್ತಿಕೊಂಡೇ ಇರಿ, ತಪ್ಪಿಸಿಕೊಳ್ಳೋ ಕಡೆ ತಿರುಗಿಸಿ.

ಆಮೇಲೆ ಅಣ್ಣ "ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ" ಅಂದ್ರು. ಆನ್ ಮಾಡಿದೆ. ಮೀಟರಿನಲ್ಲಿ ಎಲ್ಲಾ ಲೈಟು ಬಂತು. ಅವರು ಬಗ್ಗಿ ನೋಡಿ, "ಎಬಿಎಸ್ ಲೈಟ್ ಎಲ್ಲಿ?" ಅಂದ್ರು. ನಾನು ಹೆಮ್ಮೆಯಿಂದ, "ಅಣ್ಣ, ನಾನು ತಗೊಂಡಾಗಿಂದ ಆ ಲೈಟ್ ಒಂದು ದಿನವೂ ಬಂದಿಲ್ಲ, ಏನೂ ಪ್ರಾಬ್ಲಮ್ ಇಲ್ಲ" ಅಂದೆ.

ಅವರು ನನ್ನ ಮುಖ ನೋಡಿದ್ರು. "ಬರಲೇಬೇಕು ಫಾದರ್. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡ್ ಉರಿದು ಆರಬೇಕು. ಆರದೇ ಇದ್ರೆ ಎಬಿಎಸ್ ಕೆಟ್ಟಿದೆ. ಉರಿಯದೇ ಇದ್ರೆ ಯಾರೋ ಆಟ ಆಡಿದ್ದಾರೆ."

ಮೀಟರ್ ಬಿಚ್ಚಿದ್ರು. ಆ ಒಂದು ಲೈಟಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿತ್ತು. ನನಗೆ ಮಾರುವ ಮುಂಚೆ ಯಾರೋ ಅಂಟಿಸಿದ್ದು. ಡಿಕ್ಕಿ ಮೇಲೆ ಎಬಿಎಸ್ ಅನ್ನೋ ಅಕ್ಷರ ಹೊಳೀತಾ ಇದೆ, ಒಳಗೆ ಲೈಟಿಗೆ ಟೇಪು.

ಪೌಲನು ತಿಮೊಥೆಯನಿಗೆ ಬರೆಯುವಾಗ ಸುಟ್ಟ ಮನಸ್ಸಾಕ್ಷಿಯ ಬಗ್ಗೆ ಹೇಳ್ತಾನೆ. ಬೈಬಲ್ ಕಾಲೇಜಿನಲ್ಲಿ ನಮಗೆ ಕಲಿಸಿದ್ದು, ಆ ಗ್ರೀಕ್ ಪದಕ್ಕೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ಅಂತ ಅರ್ಥ. ಡಾಕ್ಟರುಗಳು ಕಾಟರಿ ಅಂತಾರಲ್ಲ, ಅದೂ ಅದೇ ಬೇರಿನಿಂದ ಬಂದಿದ್ದು. ಆಳವಾಗಿ ಸುಟ್ಟ ಚರ್ಮಕ್ಕೆ ಮುಟ್ಟಿದರೂ ಗೊತ್ತಾಗಲ್ಲ. ನಾವು "ನನಗೆ ಏನೂ ಅನ್ನಿಸ್ತಾ ಇಲ್ಲ, ಪೀಸ್ ಇದೆ ಪಾಸ್ಟರ್" ಅಂತೀವಿ. ಆ ಪೀಸ್ ಎಲ್ಲಿಂದ ಬಂತು? ಲೈಟ್ ಉರಿದು ಆರಿದ್ದಾ, ಅಥವಾ ಉರಿದೇ ಇಲ್ವಾ? ದಾವೀದನಿಗೆ ಲೈಟ್ ಉರೀತಾ ಇತ್ತು. ಬಾಯಿ ಮುಚ್ಚಿಕೊಂಡಷ್ಟು ದಿನ ಎಲುಬು ಸವೆದ ಹಾಗೆ ಆಯ್ತು, ದಿನವೆಲ್ಲ ನರಳಿದೆ ಅಂತ 32ನೇ ಕೀರ್ತನೆಯಲ್ಲಿ ಒಪ್ಪಿಕೊಳ್ತಾನೆ. ಆ ನರಳಾಟ ಇದ್ದವರನ್ನ ನೋಡಿ ನಾನು ಈಗ ಹೆದರಲ್ಲ. ಏನೂ ಅನ್ನಿಸದೇ ಇರುವವರನ್ನ ನೋಡಿದರೆ ಹೆದರ್ತೀನಿ.

ಟೇಪ್ ತೆಗೆದ ತಕ್ಷಣ ಲೈಟ್ ಉರೀತು, ಆರಲೇ ಇಲ್ಲ. ನಿಮ್ಮ ಕಾರಿನಲ್ಲಿ ಆ ಹಳದಿ ಲೈಟ್ ಮಾತ್ರ ಉರಿದರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಇರುತ್ತೆ, ಎಬಿಎಸ್ ಇರಲ್ಲ. ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಕೆಂಪು ಬ್ರೇಕ್ ಲೈಟ್ ಜೊತೆಗೆ ಉರೀತಾ ಇದ್ರೆ ಗಾಡಿ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ.

ಅಣ್ಣ ಸ್ಕ್ಯಾನರ್ ಹಾಕಿ, ಕಾರು ಓಡಿಸ್ತಾ ನಾಲ್ಕೂ ಚಕ್ರದ ವೇಗ ತೋರಿಸಿದ್ರು. ಮೂರರಲ್ಲಿ 20 ಕಿಲೋಮೀಟರ್, ಮುಂದಿನ ಎಡ ಚಕ್ರದಲ್ಲಿ ಒಂದು ಸಲ 20, ಒಂದು ಸಲ ಸೊನ್ನೆ. ಸೆನ್ಸರಿನ ವೈರು ಸ್ಟಿಯರಿಂಗ್ ತಿರುಗಿದಾಗೆಲ್ಲ ಬಾಗಿ ಬಾಗಿ ಒಳಗೇ ಮುರಿದಿತ್ತು. 38,000ದ ಯೂನಿಟ್ಟಿಗೆ ಏನೂ ಆಗಿರಲಿಲ್ಲ. ವೈರ್ ಸಮೇತ ಸೆನ್ಸರಿಗೆ 2,400.

ಅದೇ ಚಕ್ರ ಬಿಚ್ಚಿದಾಗ ಸದ್ದಿನ ಕಥೆಯೂ ಸಿಕ್ಕಿತು. ಡಿಸ್ಕಿನ ಎರಡೂ ಕಡೆ ಒಂದೊಂದು ಪ್ಯಾಡ್ ಇರುತ್ತೆ. ಹೊರಗಿನ ಪ್ಯಾಡ್ ಐದು ಮಿಲಿಮೀಟರ್ ಇತ್ತು, ನಾನು ಟಾರ್ಚ್ ಹಾಕಿ ನೋಡಿದ್ದು ಅದನ್ನೇ. ಒಳಗಿನ ಪ್ಯಾಡ್ ಪೂರ್ತಿ ಖಾಲಿ, ಬರೀ ಕಬ್ಬಿಣದ ತಗಡು ಡಿಸ್ಕನ್ನ ಕೊರೆದಿತ್ತು. ಕ್ಯಾಲಿಪರ್ ಜಾರಾಡುವ ಪಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಅದಕ್ಕೇ ಒಳಗಿನದ್ದೇ ಎಲ್ಲಾ ಭಾರ ಹೊತ್ತು ಸವೆದಿತ್ತು. ಹೊಸ ಪಿನ್ ಹಾಕಿ, ಅದಕ್ಕೆಂದೇ ಇರೋ ಗ್ರೀಸ್ ಹಚ್ಚಿ, ಮುಂದಿನ ಎರಡೂ ಕಡೆ ಡಿಸ್ಕು, ಪ್ಯಾಡು ಬದಲಾಯಿಸಿದ್ರು. ಬ್ರೇಕ್ ಯಾವಾಗಲೂ ಎರಡೂ ಕಡೆ ಒಟ್ಟಿಗೆ ಬದಲಾಯಿಸಬೇಕು, ಇಲ್ಲಾಂದ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಮೂರು ವಾರ ಮುಂಚೆ ಬಂದಿದ್ದರೆ ಡಿಸ್ಕ್ ಉಳೀತಿತ್ತು ಅಂದ್ರು.

ಎಲ್ಲಾ ಸೇರಿ 9,700. ಕಾರ್ಡ್ ಕೊಡೋಣ ಅಂತ ಪರ್ಸ್ ತೆಗೆದೆ. ಲಿಮಿಟ್ ಇರಲಿಲ್ಲ. ಗ್ಯಾರೇಜಿನ ಹೊರಗೆ ಕಲ್ಲಿನ ಬೆಂಚಿನ ಮೇಲೆ ಕೂತು ಹೆಂಡತಿಗೆ ಫೋನ್ ಮಾಡಿದೆ. ಮೊದಲು ಟೇಪಿನ ವಿಷಯ ಹೇಳಿದೆ. ಆಮೇಲೆ 86,000 ಹೇಳಿದೆ. ಆ ಕಡೆ ತುಂಬಾ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ನಾನು ಸದ್ದು ಏನು ಅಂತ ಎಷ್ಟು ಸಲ ಕೇಳಿದೆ ರೀ" ಅಂದಳು. ಅಷ್ಟೇ. ಗ್ಯಾರೇಜಿನ ದುಡ್ಡು ಅವಳೇ ಕಳಿಸಿದಳು.

ಆ ಸಾಲ ಇನ್ನೂ ತೀರಿಲ್ಲ. ಕಾರ್ಡ್ ಕತ್ತರಿಸಿ ಹಾಕಿದ್ದೀವಿ, ಬಾಕಿಯನ್ನ ಇಎಂಐ ಮಾಡಿಸಿದ್ದೀವಿ, ಕೀಬೋರ್ಡ್ ಮಾರಿದೆ. ಇನ್ನೂ ಏಳು ತಿಂಗಳಿದೆ. ನಮ್ಮ ಸಭೆಯ ಹಿರಿಯರಿಗೂ ಹೇಳಿದ್ದೀನಿ, ಕಾಣಿಕೆಯ ಲೆಕ್ಕ ನನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಡಿ ಅಂತ ನಾನೇ ಕೇಳಿಕೊಂಡೆ.

ಪ್ರಾರ್ಥನೆಗೆ ಹೋಗೋಣ. ಆರಾಧನಾ ತಂಡದವರು ಅಲ್ಲೇ ಕೂತಿರಿ, ಇವತ್ತು ಹಿಂದೆ ಮ್ಯೂಸಿಕ್ ಬೇಡ. ಸೌಂಡ್ ಬ್ರದರ್, ಮೈಕ್ ಕೂಡ ಆಫ್ ಮಾಡಿ. ಯಾರನ್ನೂ ಮುಂದೆ ಕರೆಯಲ್ಲ. ಎಲ್ಲರೂ ಕಣ್ಣು ಮುಚ್ಚಿ. ಮೂರು ನಿಮಿಷ ಸುಮ್ಮನೆ ಇರೋಣ.